ಬಾಲ್ ಕಾಣುತ್ತೆ, ಬ್ಯಾಟಿಗೆ ಸಿಗಲ್ಲ: ಕ್ರಿಕೆಟ್ ಗೇಮಿನ ಬ್ಯಾಟಿಂಗ್ ಕ್ಯಾಮೆರಾ ಸರಿಮಾಡಿಕೊಳ್ಳುವ ಬಗೆ

ಜುಲೈ ತಿಂಗಳ ಮಳೆ ರಜೆ. ವಿರಾಜಪೇಟೆಯಿಂದ ಅಕ್ಕನ ಮಗ ಗೋಣಿಕೊಪ್ಪದ ನಮ್ಮ ಮನೆಗೆ ಬಂದ. ಒಂದು ಬ್ಯಾಗಿನಲ್ಲಿ ಬಟ್ಟೆ, ಇನ್ನೊಂದರಲ್ಲಿ ಗೇಮ್ ಕನ್ಸೋಲ್. ಅವನ ಮನೆಯಲ್ಲಿ ಟೆಸ್ಟ್ ಮ್ಯಾಚ್ ಹಾಕಿದರೆ ಇಡೀ ದಿನ ಔಟಾಗದೆ ನಿಲ್ಲುವ ಹುಡುಗ. ನಮ್ಮ ಟಿವಿಗೆ ಸಿಕ್ಕಿಸಿ ಕೂತ, ಎರಡನೇ ಓವರ್ ಮುಗಿಯುವಷ್ಟರಲ್ಲಿ ನಾಲ್ಕು ವಿಕೆಟ್ ಹೋಗಿತ್ತು.

"ಮಾವ, ಈ ಕ್ಯಾಮೆರಾನೇ ಸರಿಯಿಲ್ಲ," ಅಂದ.

ಒಂದು ಗಂಟೆಯಲ್ಲಿ ಐದು ಕ್ಯಾಮೆರಾ ಬದಲಾಯಿಸಿದ. ಹತ್ತಿರ, ದೂರ, ಎತ್ತರ, ಟಿವಿಯಲ್ಲಿ ತೋರಿಸುವ ಥರ, ಎಲ್ಲವೂ ಆಯಿತು. ಪ್ರತಿ ಸಲವೂ ಮೊದಲಿಗಿಂತ ಬೇಗ ಔಟಾದ. ನಾನು ನಗಲಿಲ್ಲ. ಇಎ ಸ್ಪೋರ್ಟ್ಸ್ ಕ್ರಿಕೆಟ್ 07 ಬಂದ ಕಾಲದಿಂದ ನಾನೂ ಇದೇ ತಪ್ಪು ಮಾಡಿಕೊಂಡು ಬಂದವನು. ಬಾಲ್ ಸಿಗಲಿಲ್ಲ ಅಂದ ತಕ್ಷಣ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾ ಬದಲಾಯಿಸುವುದು. ಕಣ್ಣು ಒಂದಕ್ಕೆ ಒಗ್ಗುವ ಮೊದಲೇ ಇನ್ನೊಂದು. ಹಾಗೆ ಮಾಡಿದರೆ ತಪ್ಪು ಎಲ್ಲಿದೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಕ್ಯಾಮೆರಾ ಮುಟ್ಟುವ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕು. ನೀವು ತಪ್ಪುತ್ತಿರುವುದು ಎಲ್ಲ ಬಾಲಿಗೂ ಒಂದೇ ಥರಾನಾ, ಇಲ್ಲಾ ಕೆಲವು ಬಾಲಿಗೆ ಮಾತ್ರವಾ? ಎಲ್ಲಕ್ಕೂ ಒಂದೇ ಥರ ಲೇಟಾದರೆ ಅದು ಕ್ಯಾಮೆರಾ ಕಾಯಿಲೆ ಅಲ್ಲ. ಶಾರ್ಟ್ ಬಾಲಿಗೆ ಮಾತ್ರ, ಎಡಗೈ ಬ್ಯಾಟ್ಸ್‌ಮನ್ ಆಡುವಾಗ ಮಾತ್ರ, ಸ್ಪಿನ್‌ಗೆ ಮಾತ್ರ ಅಂತಿದ್ದರೆ ಕ್ಯಾಮೆರಾ ಕಡೆ ನೋಡಿ.

ಮೂವತ್ತು ಬಾಲಿನ ಲೆಕ್ಕ

ನೆಟ್ ಪ್ರಾಕ್ಟೀಸ್‌ಗೆ ಹೋಗಿ. ಮ್ಯಾಚ್ ಬೇಡ, ಮ್ಯಾಚಿನಲ್ಲಿ ಔಟಾದ ಸಿಟ್ಟಿಗೆ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಗೇಮ್‌ಗಳಲ್ಲಿ ಪ್ರತಿ ಶಾಟ್ ಆದ ಮೇಲೆ ಬೇಗ ಆಡಿದಿರಾ, ಲೇಟಾಯಿತಾ ಅಂತ ತೋರಿಸುತ್ತದೆ. ಅದು ಆಫ್ ಆಗಿದ್ದರೆ ಆನ್ ಮಾಡಿ. ಹದಿನೈದು ಫಾಸ್ಟ್, ಹದಿನೈದು ಸ್ಪಿನ್. ಒಂದೊಂದಕ್ಕೂ ಬರೆಯಿರಿ: ಬಾಲ್ ಎಲ್ಲಿ ಬಿತ್ತು, ಬೇಗಾನಾ ಲೇಟಾ.

ನಾವು ತೋಟದ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಎಳೆದು ಬರೆದೆವು. ಕಾಫಿ ಕುಯ್ಲು ಮುಗಿದ ಮೇಲೆ ಆ ಪುಸ್ತಕಕ್ಕೆ ಬೇರೆ ಕೆಲಸ ಇರುವುದಿಲ್ಲ. ಅಳಿಯನ ಮೂವತ್ತು ಬಾಲಿನಲ್ಲಿ ಇಪ್ಪತ್ತಮೂರು ಲೇಟ್. ಫಾಸ್ಟ್‌ಗೂ ಲೇಟ್, ಸ್ಪಿನ್‌ಗೂ ಲೇಟ್, ಫುಲ್ ಬಿದ್ದರೂ ಲೇಟ್, ಶಾರ್ಟ್ ಬಿದ್ದರೂ ಲೇಟ್. ಬೇಗ ಆಡಿದ್ದು ಒಂದೂ ಇಲ್ಲ.

ಅಲ್ಲಿಗೆ ಕ್ಯಾಮೆರಾ ನಿರಪರಾಧಿ. ಜೊತೆಗೆ ಇನ್ನೊಂದು ಸುಳಿವಿತ್ತು, ನಾವು ಗಮನಿಸಿರಲಿಲ್ಲ ಅಷ್ಟೇ. ಅವನ ಮನೆಯಲ್ಲಿ ಆಟ ಸರಿ, ನಮ್ಮ ಮನೆಯಲ್ಲಿ ಕೆಟ್ಟಿತು. ಗೇಮ್ ಅದೇ, ಕಂಟ್ರೋಲರ್ ಅದೇ, ಹೆಬ್ಬೆರಳೂ ಅದೇ. ಬದಲಾಗಿದ್ದು ಟಿವಿ ಮಾತ್ರ.

ಟಿವಿ ಎಷ್ಟು ತಡ ಮಾಡುತ್ತದೆ

ಸಣ್ಣ ಲೆಕ್ಕ ಹಾಕೋಣ. ಪಿಚ್ ಉದ್ದ 22 ಗಜ, ಅಂದರೆ 20.12 ಮೀಟರ್. ಬೌಲರ್ ಕಾಲಿಡುವ ಕ್ರೀಸಿನಿಂದ ಬ್ಯಾಟ್ಸ್‌ಮನ್ ಕ್ರೀಸಿಗೆ ಸುಮಾರು 17.7 ಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದ ಬಾಲ್ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 39 ಮೀಟರ್ ಹೋಗುತ್ತದೆ. ಹಾಗಾದರೆ ಕೈಯಲ್ಲಿರುವುದು ಅರ್ಧ ಸೆಕೆಂಡಿಗೂ ಸ್ವಲ್ಪ ಕಮ್ಮಿ. ಗಾಳಿಯಲ್ಲಿ, ನೆಲಕ್ಕೆ ತಗುಲಿದಾಗ ಬಾಲ್ ನಿಧಾನ ಆಗುವುದರಿಂದ ಒಂಚೂರು ಜಾಸ್ತಿ ಸಿಗಬಹುದು.

ಈಗಿನ ಟಿವಿಗಳು ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಬಣ್ಣ ಏರಿಸುತ್ತವೆ, ಓಟ ನಯ ಮಾಡುತ್ತವೆ, ಅಂಚು ತಿದ್ದುತ್ತವೆ. ಸಿನಿಮಾ ನೋಡಲು ಚೆಂದ. ಈ ಅಲಂಕಾರಕ್ಕೆ 100 ಮಿಲಿಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಆ ಬಾಲ್ ನಾಲ್ಕು ಮೀಟರ್ ಮುಂದೆ ಹೋಗಿರುತ್ತದೆ. ನೀವು ನೋಡುತ್ತಿರುವುದು ಹಳೆಯ ಬಾಲ್. ನೀವು ಬಟನ್ ಒತ್ತುವ ಹೊತ್ತಿಗೆ ಗೇಮಿನೊಳಗೆ ಅದು ಕೀಪರ್ ಗ್ಲೌಸಿನಲ್ಲಿರುತ್ತದೆ.

ತಮಾಷೆ ಏನೆಂದರೆ, ತಡ ಯಾವಾಗಲೂ ಅಷ್ಟೇ ಇದ್ದರೆ ಕೈ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ನಿಧಾನ ಟಿವಿಯಲ್ಲಿ ಆಡಿ ಆಡಿ ಬೇಗ ಒತ್ತುವ ಅಭ್ಯಾಸವಾದವರು ಒಳ್ಳೆಯ ಟಿವಿಗೆ ಬಂದರೆ ಪ್ರತಿ ಬಾಲಿಗೂ ಬೇಗ ಆಡುತ್ತಾರೆ. ಹಾಗಾಗಿ ಎಲ್ಲವೂ ಬೇಗ ಅಂತ ಬಂದರೂ ಅದೇ ಕಾಯಿಲೆ, ತಿರುವುಮುರುವು ಅಷ್ಟೇ. ಅದಕ್ಕೆ ಮದ್ದು ನಾಲ್ಕು ದಿನ ಆಡುವುದು, ಬೇರೇನಿಲ್ಲ.

ಅಳತೆ ಮಾಡುವುದು ಸುಲಭ. ನಿಮ್ಮ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಇದ್ದರೆ, ಸೆಕೆಂಡಿಗೆ 240 ಫ್ರೇಮ್ ಇಟ್ಟುಕೊಳ್ಳಿ. ಕಂಟ್ರೋಲರ್ ಹಿಡಿದ ಹೆಬ್ಬೆರಳು, ಹಿಂದೆ ಟಿವಿ, ಎರಡೂ ಒಂದೇ ಚಿತ್ರದಲ್ಲಿ ಬರಬೇಕು. ನಾನು ಹಿಡಿದೆ, ಅವನು ಒತ್ತಿದ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆವು. ಬೆರಳು ಪೂರ್ತಿ ಇಳಿದ ಫ್ರೇಮಿನಿಂದ ಬ್ಯಾಟ್ ಅಲುಗಾಡಿದ ಫ್ರೇಮಿನವರೆಗೆ 54. ಟಿವಿಯಲ್ಲಿ ಗೇಮ್ ಮೋಡ್ (ಆ ಅಲಂಕಾರವೆಲ್ಲ ಬಿಟ್ಟು ಚಿತ್ರವನ್ನು ಬೇಗ ತೋರಿಸುವ ಸೆಟ್ಟಿಂಗ್) ಹಾಕಿ ಮತ್ತೆ ಎಣಿಸಿದರೆ 31. ನಡುವಿನ ವ್ಯತ್ಯಾಸ 23 ಫ್ರೇಮ್, ಒಂದೊಂದು 4 ಮಿಲಿಸೆಕೆಂಡಿಗೆ ಸ್ವಲ್ಪ ಮೇಲೆ. ಅಂದರೆ 96 ಮಿಲಿಸೆಕೆಂಡ್ ಟಿವಿಯೇ ತಿನ್ನುತ್ತಿತ್ತು. ಉಳಿದ 31 ಫ್ರೇಮ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ಗೇಮಿನ ಸ್ವಂತ ತಡ, ಬ್ಯಾಟ್ ಎತ್ತುವ ಚಲನೆ ಎಲ್ಲ ಸೇರಿರುತ್ತದೆ. ಅದು ಎಲ್ಲರಿಗೂ ಇರುವುದೇ.

ಗೇಮ್ ಮೋಡ್ ಸಾಮಾನ್ಯವಾಗಿ ಪಿಕ್ಚರ್ ಸೆಟ್ಟಿಂಗ್ಸ್ ಒಳಗಿರುತ್ತದೆ. ಒಂದು ಎಚ್ಚರ: ಕೆಲವು ಟಿವಿಗಳಲ್ಲಿ ಇದನ್ನು ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆಬೇರೆ ಹಾಕಬೇಕು. ಕೇಬಲ್ ಕಿತ್ತು ಪಕ್ಕದ ಕಿಂಡಿಗೆ ಹಾಕಿದರೆ ಮತ್ತೆ ಹಳೇ ಕಥೆ.

ಶಬ್ದದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಲ್ ಪಿಚ್‌ಗೆ ಬಿದ್ದ ಸದ್ದು ಟೈಮಿಂಗ್‌ಗೆ ದೊಡ್ಡ ಆಸರೆ. ನಾವು ಕೇಳಿಸಿಕೊಂಡು ಆಡುತ್ತಿದ್ದೇವೆ ಅಂತ ನಮಗೇ ಗೊತ್ತಿರುವುದಿಲ್ಲ. ನಮ್ಮ ಮನೆಯ ಅರ್ಧ ಭಾಗ ಶೀಟಿನದು. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಬಾಲ್ ಸದ್ದು ಎಲ್ಲಿಂದ. ಅದಕ್ಕೆ ಅಳಿಯ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡ. ಅದು ಇನ್ನೂ ಕೆಟ್ಟದು! ಬ್ಲೂಟೂತ್‌ನಲ್ಲಿ ಸದ್ದು ಚಿತ್ರಕ್ಕಿಂತ ತಡವಾಗಿ ಬರುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ವೈರ್ ಇರುವ ಇಯರ್‌ಫೋನ್ ಹಾಕಿ, ಇಲ್ಲದಿದ್ದರೆ ಸದ್ದಿಲ್ಲದೆ ಆಡಿ.

ಈಗ ಕ್ಯಾಮೆರಾ

ಗೇಮ್ ಮೋಡ್ ಹಾಕಿದ ಮೇಲೆ ಮತ್ತೆ ಮೂವತ್ತು ಬಾಲ್. ಈ ಸಲ ತಪ್ಪಿದ್ದು ಹನ್ನೊಂದು. ಪುಸ್ತಕ ನೋಡಿದರೆ ಅದರಲ್ಲಿ ಎಂಟು ಶಾರ್ಟ್ ಬಾಲ್. ಮುಂದೆ ಕಾಲಿಟ್ಟು ಡ್ರೈವ್ ಮಾಡಲು ಹೋಗಿ ಎದೆಗೆ ತಿಂದಿದ್ದ. ಈಗ ಇದು ಕ್ಯಾಮೆರಾ ಕಾಯಿಲೆ.

ಯಾಕೆ ಅಂತ ನೋಡಲು ಕೊಡಗಿನವರಿಗೆ ದೂರ ಹೋಗಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಹೋದವರು ನೆನಪು ಮಾಡಿಕೊಳ್ಳಿ. ಗೋಲಿನ ಹಿಂದೆ ನಿಂತು ನೋಡಿದರೆ ಬಾಲ್ ಎಡಕ್ಕೆ ಹೋಗುತ್ತಾ ಬಲಕ್ಕೆ ಹೋಗುತ್ತಾ ಅಂತ ಕೂದಲೆಳೆಯಷ್ಟು ಸರಿಯಾಗಿ ಗೊತ್ತಾಗುತ್ತದೆ. ಆದರೆ ಹೊಡೆದವನು ಡಿ (ಗೋಲಿನ ಮುಂದಿನ ಅರ್ಧಚಂದ್ರದ ಗೆರೆ) ಒಳಗಿದ್ದನಾ ಹೊರಗಿದ್ದನಾ ಅಂತ ಕೇಳಿದರೆ ಹೇಳಲಾಗುವುದಿಲ್ಲ. ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಕೂತವರಿಗೆ ಅದು ನೀರು ಕುಡಿದಷ್ಟು ಸುಲಭ. ಕ್ರಿಕೆಟ್ ಗೇಮಿನಲ್ಲೂ ಅಷ್ಟೇ. ಬ್ಯಾಟ್ಸ್‌ಮನ್ ಬೆನ್ನ ಹಿಂದೆ ತಗ್ಗಿನಲ್ಲಿ ಕೂತ ಕ್ಯಾಮೆರಾ ಲೈನ್ ಹೇಳುತ್ತದೆ, ಅಂದರೆ ಬಾಲ್ ಎಡಕ್ಕಾ ಬಲಕ್ಕಾ ಅಂತ; ಲೆಂಗ್ತ್ ಮುಚ್ಚಿಡುತ್ತದೆ, ಅಂದರೆ ಬಾಲ್ ಬ್ಯಾಟ್ಸ್‌ಮನ್‌ನಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬಿತ್ತು ಅಂತ. ಎತ್ತರಕ್ಕೆ ಹೋದಷ್ಟೂ ಲೆಂಗ್ತ್ ಬಿಚ್ಚಿಕೊಳ್ಳುತ್ತದೆ.

ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಆಟ ನಿಲ್ಲಿಸಿ, ಟಿವಿ ಪರದೆಯ ಮೇಲೆ ಸ್ಕೇಲ್ ಇಟ್ಟೆವು. ಫಾಸ್ಟ್ ಬೌಲರ್‌ನ ಗುಡ್ ಲೆಂಗ್ತ್ ಸ್ಟಂಪಿನಿಂದ ಸುಮಾರು 6ರಿಂದ 8 ಮೀಟರ್, ಅದಕ್ಕಿಂತ ಹಿಂದೆ ಬಿದ್ದರೆ ಶಾರ್ಟ್. ತಗ್ಗಿನ ಕ್ಯಾಮೆರಾದಲ್ಲಿ ಗುಡ್ ಲೆಂಗ್ತ್ ಬಿದ್ದ ಗುರುತಿಗೂ ಶಾರ್ಟ್ ಬಿದ್ದ ಗುರುತಿಗೂ ನಮ್ಮ 32 ಇಂಚಿನ ಟಿವಿಯಲ್ಲಿ ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ. ಕ್ಯಾಮೆರಾ ಎತ್ತರಿಸಿದ ಮೇಲೆ ಅದೇ ಅಂತರ ನಾಲ್ಕರ ಹತ್ತಿರ ಬಂತು. ಮುಂದೆ ಕಾಲಿಡುವುದಾ ಹಿಂದೆ ಹೋಗುವುದಾ ಅಂತ ತೀರ್ಮಾನ ಮಾಡಲು ಕಣ್ಣಿಗೆ ಸಿಗುವ ಜಾಗ ಎರಡು ಪಟ್ಟು ಆಯಿತು.

ಹಾಗಾದರೆ ಪೂರ್ತಿ ಮೇಲೆ ಹಾಕಿಬಿಡೋಣವೇ? ಬೇಡ. ತಲೆಯ ಮೇಲಿನಿಂದ ನೋಡಿದರೆ ಬೌನ್ಸ್ ಸಾಯುತ್ತದೆ. ಮೊಣಕಾಲಿಗೆ ಬರುವ ಬಾಲಿಗೂ ಭುಜಕ್ಕೆ ಬರುವ ಬಾಲಿಗೂ ವ್ಯತ್ಯಾಸ ಕಾಣುವುದಿಲ್ಲ, ಪುಲ್ ಮಾಡಲು ಹೋಗಿ ಕ್ಯಾಚ್ ಕೊಡುತ್ತೀರಿ. ಬಾಲ್ ಕಾಣುವ ಹಿನ್ನೆಲೆಯೂ ಬದಲಾಗುತ್ತದೆ. ತಗ್ಗಿನಿಂದ ನೋಡಿದರೆ ಹಿಂದೆ ಸೈಟ್‌ಸ್ಕ್ರೀನ್ ಇರುತ್ತದೆ: ಕೆಂಪು ಬಾಲಿಗೆ ಬಿಳಿ, ಬಿಳಿ ಬಾಲಿಗೆ ಕಪ್ಪು. ಬಾಲ್ ಎದ್ದು ಕಾಣಲಿ ಅಂತಲೇ ಅದನ್ನು ಇಟ್ಟಿರುವುದು. ಮೇಲಿನಿಂದ ನೋಡಿದರೆ ಹಿಂದೆ ಬರೀ ಪಿಚ್. ಕಂದು ಪಿಚ್ ಮೇಲೆ ಹಳೇ ಕೆಂಪು ಬಾಲನ್ನು ಹುಡುಕುವುದು ಕಾಫಿ ಗಿಡದ ಬುಡದಲ್ಲಿ ಬಿದ್ದ ಹಣ್ಣು ಹೆಕ್ಕಿದ ಹಾಗೆ.

ನನ್ನ ಲೆಕ್ಕದಲ್ಲಿ ಸರಿಯಾದ ಎತ್ತರಕ್ಕೆ ಒಂದು ಗುರುತಿದೆ. ಬೌಲರ್ ಕೈಯಿಂದ ಬಾಲ್ ಬಿಡುವ ಜಾಗ ಬ್ಯಾಟ್ಸ್‌ಮನ್‌ನ ಹೆಲ್ಮೆಟ್ಟಿಗಿಂತ ಮೇಲೆ, ತಡೆಯಿಲ್ಲದೆ ಕಾಣಬೇಕು. ಜೊತೆಗೆ ಸೈಟ್‌ಸ್ಕ್ರೀನಿನ ಕೆಳಗಿನ ಅಂಚಾದರೂ ಪರದೆಯಲ್ಲಿ ಉಳಿದಿರಬೇಕು. ಎರಡೂ ಸಿಗುವ ತನಕ ಒಂದೊಂದು ಗುಂಡಿಯಷ್ಟೇ (ಸೆಟ್ಟಿಂಗ್ಸ್‌ನ ಒಂದು ಹೆಜ್ಜೆ) ಏರಿಸಿ ಇಳಿಸಿ. ಎತ್ತರ ಬದಲಾಯಿಸಲು ಗೇಮಿನಲ್ಲಿ ಅವಕಾಶವೇ ಇಲ್ಲದಿದ್ದರೆ, ಬ್ಯಾಟ್ಸ್‌ಮನ್ ಬೆನ್ನ ಹಿಂದಿನ ಕ್ಯಾಮೆರಾಗಳಲ್ಲಿ ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ಸ್ವಲ್ಪ ಎತ್ತರದಲ್ಲೂ ಇರುತ್ತದೆ.

ಟಿವಿಯಲ್ಲಿ ನೋಡುವ ಥರದ ಕ್ಯಾಮೆರಾ

ಬೌಲರ್ ಹಿಂದಿನಿಂದ ನೋಡುವ ಈ ಕೋನ ನಮಗೆ ಚಿಕ್ಕಂದಿನಿಂದ ರೂಢಿ. ಮೊದಲು ಹಾಗಿರಲಿಲ್ಲ. ಕ್ಯಾಮೆರಾ ಒಂದೇ ಕಡೆ ಇದ್ದ ಕಾಲದಲ್ಲಿ ಒಂದು ಓವರ್ ಬ್ಯಾಟ್ಸ್‌ಮನ್ ಮುಖ ನೋಡಿದರೆ ಮುಂದಿನ ಓವರ್ ಬೆನ್ನು ನೋಡಬೇಕಿತ್ತು. 1977ರಲ್ಲಿ ಆಸ್ಟ್ರೇಲಿಯಾದ ಕೆರಿ ಪ್ಯಾಕರ್ ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು ಮಾಡಿದಾಗ ಮೈದಾನದ ಎರಡೂ ತುದಿಗೆ ಕ್ಯಾಮೆರಾ ಬಂತು, ಬೆನ್ನು ನೋಡುವ ಕಷ್ಟ ತಪ್ಪಿತು. ಆದರೆ ನೋಡುವವನಿಗೆ ಬೇಡವಾದ ಆ ಬೆನ್ನಿನ ಕಡೆಯ ನೋಟವೇ ಆಡುವವನಿಗೆ ಬೇಕಾಗಿರುವುದು.

ಕಾರಣ ಸರಳ. ಬೌಲರ್ ಹಿಂದಿನಿಂದ ನೋಡಿದರೆ ಬಾಲ್ ನಿಮ್ಮಿಂದ ದೂರ ಹೋಗುತ್ತದೆ, ಹೋಗ್ತಾ ಹೋಗ್ತಾ ಸಣ್ಣದಾಗುತ್ತದೆ. ಬ್ಯಾಟಿಗೆ ತಗುಲುವ ಹೊತ್ತಿಗೆ ಅದು ಸಾಸಿವೆ ಕಾಳು. ಬೆನ್ನ ಹಿಂದಿನಿಂದ ನೋಡಿದರೆ ಬಾಲ್ ಬೆಳೆಯುತ್ತಾ ಬರುತ್ತದೆ. ಎದುರಿಗೆ ಬರುವ ವಸ್ತು ಎಷ್ಟು ಬೇಗ ದೊಡ್ಡದಾಗುತ್ತಿದೆ ಅನ್ನುವುದರಿಂದಲೇ ಕಣ್ಣು ಅದು ತಲುಪುವ ಹೊತ್ತನ್ನು ಅಂದಾಜು ಮಾಡುತ್ತದೆ. ಮಂಜಿನಲ್ಲಿ ಮಡಿಕೇರಿ ಘಾಟಿ ಹತ್ತುವಾಗ ಎದುರಿನ ಲಾರಿ ದೀಪ ನೋಡಿ ಬದಿಗೆ ಸರಿಯುತ್ತೇವಲ್ಲ, ಅದೇ ಲೆಕ್ಕ.

ಟಿವಿ ಕೋನ ಆಡುವವರಿಗೆ ಬರುವ ಇನ್ನೊಂದು ತೊಂದರೆ ಎಡ ಬಲ ಅದಲುಬದಲಾಗುವುದು. ಬಲಗೈ ಬ್ಯಾಟ್ಸ್‌ಮನ್‌ನ ಆಫ್ ಸೈಡ್ ಟಿವಿ ಕೋನದಲ್ಲಿ ಪರದೆಯ ಎಡಕ್ಕೆ, ಬೆನ್ನ ಹಿಂದಿನ ಕೋನದಲ್ಲಿ ಬಲಕ್ಕೆ. ಕ್ಯಾಮೆರಾ ಬದಲಾಯಿಸಿದ ಮೇಲೆ ಕವರ್ ಡ್ರೈವ್ ಮಾಡಲು ಹೋದರೆ ಮಿಡ್‌ವಿಕೆಟ್‌ಗೆ ಹೋಗುತ್ತಿದೆಯಾ? ಕಂಟ್ರೋಲರ್ ಕೆಟ್ಟಿಲ್ಲ. ನಿಮ್ಮ ಹೆಬ್ಬೆರಳು ಇನ್ನೂ ಹಳೇ ಕ್ಯಾಮೆರಾದಲ್ಲಿದೆ. ಡಾನ್ ಬ್ರಾಡ್‌ಮನ್ ಕ್ರಿಕೆಟ್ 14ರ ಥರ ಒಂದು ಸ್ಟಿಕ್ಕಿಗೆ ಕಾಲು, ಇನ್ನೊಂದಕ್ಕೆ ಬ್ಯಾಟ್ ಇರುವ ಗೇಮ್‌ಗಳಲ್ಲಿ ಈ ಗೊಂದಲ ಎರಡು ಪಟ್ಟು. ಕಾಲು ಆಫ್‌ಗೆ, ಬ್ಯಾಟ್ ಲೆಗ್‌ಗೆ.

ಸ್ಪಿನ್‌ಗೆ ಮಾತ್ರ ಟಿವಿ ಕೋನ ಒಳ್ಳೆಯದು ಅಂತ ಹೇಳುವವರಿದ್ದಾರೆ. ಗಂಟೆಗೆ 80 ಕಿಲೋಮೀಟರ್ ಬಾಲಿಗೆ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಹೊತ್ತು ಸಿಗುತ್ತದೆ, ತಿರುವೂ ಆ ಕಡೆಯಿಂದ ಚೆನ್ನಾಗಿ ಕಾಣುತ್ತದೆ, ನಿಜ. ಆದರೂ ಓವರಿಗೊಮ್ಮೆ ಕ್ಯಾಮೆರಾ ಬದಲಾಯಿಸಿ ಎಡ ಬಲ ತಿರುಗಿಸಿಕೊಳ್ಳುವ ಕಷ್ಟಕ್ಕೆ ಆ ಲಾಭ ಸಾಲದು ಅಂತ ನನ್ನ ಅಭಿಪ್ರಾಯ.

ಎಡಗೈ ಬ್ಯಾಟ್ಸ್‌ಮನ್ ಬಂದಾಗ ಮಾತ್ರ ಔಟಾಗುವುದು

ಅಳಿಯನ ಪುಸ್ತಕದಲ್ಲಿ ಕೊನೆಗೆ ಉಳಿದದ್ದು ಇದು. ಬಲಗೈಯವರೆಲ್ಲ ಚೆನ್ನಾಗಿ ಆಡುತ್ತಾರೆ, ಎಡಗೈಯವನು ಬಂದರೆ ಮೊದಲ ಬಾಲಿಗೇ ಕಕ್ಕಾಬಿಕ್ಕಿ. ಆಟ ನಿಲ್ಲಿಸಿ ನೋಡಿದೆವು. ಬಲಗೈ ಬೌಲರ್ ಓವರ್ ದ ವಿಕೆಟ್ (ಬಾಲ್ ಹಾಕುವ ಕೈ ಸ್ಟಂಪಿನ ಕಡೆಗಿರುವ ಹಾಗೆ) ಬಂದಾಗ, ಬ್ಯಾಟ್ಸ್‌ಮನ್ ಕಡೆಯಿಂದ ನೋಡಿದರೆ ಬಾಲ್ ಹೊರಡುವುದು ಸ್ಟಂಪಿನ ಬಲಗಡೆಯಿಂದ. ಎಡಗೈ ಬ್ಯಾಟ್ಸ್‌ಮನ್‌ನ ಮೈಯೂ ಬಲಗಡೆಯೇ. ಹತ್ತಿರದ, ತಗ್ಗಿನ ಕ್ಯಾಮೆರಾದಲ್ಲಿ ಬೌಲರ್‌ನ ಕೈ ಸರಿಯಾಗಿ ಅವನ ಭುಜದ ಹಿಂದೆ ಅಡಗಿಬಿಡುತ್ತದೆ. ಬಾಲ್ ಅರ್ಧ ದಾರಿ ಬಂದ ಮೇಲೆ ಭುಜದ ಹಿಂದಿನಿಂದ ಹೊರಗೆ ಬರುತ್ತದೆ. ಅಷ್ಟರಲ್ಲಿ ಕಾಲು ಸೆಕೆಂಡ್ ಹೋಗಿರುತ್ತದೆ.

ಇದಕ್ಕೆ ಕ್ಯಾಮೆರಾವನ್ನು ಹಿಂದಕ್ಕೆ ಎಳೆಯಬೇಕು, ಇಲ್ಲಾ ಸ್ವಲ್ಪ ಎತ್ತರಿಸಬೇಕು. ಪಕ್ಕಕ್ಕೆ ಸರಿಸುವ ಸೌಲಭ್ಯ ಕೆಲವು ಗೇಮ್‌ಗಳಲ್ಲಿದೆ, ಆದರೆ ಬಲಗೈಯವರಿಗೆ ಅಂತ ಸರಿಸಿದ್ದು ಎಡಗೈಯವರಿಗೆ ಉಲ್ಟಾ ಹೊಡೆಯಬಹುದು. ಸರಿಸಿದ ಮೇಲೆ ಇಬ್ಬರನ್ನೂ ಆರಾರು ಬಾಲ್ ಆಡಿಸಿ ನೋಡಿ. ನಾವು ಪಕ್ಕಕ್ಕೆ ಸರಿಸಲಿಲ್ಲ, ಒಂದು ಗುಂಡಿ ಹಿಂದಕ್ಕೆ ಹಾಕಿದೆವು, ಸಾಕಾಯಿತು.

ಅಂದಹಾಗೆ, ಮುಂದೆ ನಡೆದು ಬಂದು ಹೊಡೆಯುವ ಚಟ ಇರುವವರಿಗೆ ಒಂದು ಮಾತು. ಕೊಡಗಿನ ರಾಬಿನ್ ಉತ್ತಪ್ಪ ಫಾಸ್ಟ್ ಬೌಲರ್‌ಗಳ ಎದುರಿಗೇ ನಡೆದು ಬಂದು ಬಾರಿಸುತ್ತಿದ್ದವರು, ಅವರನ್ನು ನೋಡಿ ನಮ್ಮ ಕಡೆಯ ಹುಡುಗರು ಗೇಮಿನಲ್ಲೂ ಅದನ್ನೇ ಮಾಡುತ್ತಾರೆ. ಬ್ಯಾಟ್ಸ್‌ಮನ್ ಮುಂದೆ ಬಂದಾಗ ಕ್ಯಾಮೆರಾ ಜೊತೆಗೆ ಬರುತ್ತದಾ ಇಲ್ಲಾ ಇದ್ದಲ್ಲೇ ನಿಲ್ಲುತ್ತದಾ ಅಂತ ನೆಟ್ಸ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಜೊತೆಗೆ ಬರುವ ಕ್ಯಾಮೆರಾದಲ್ಲಿ ಬಾಲ್ ಇನ್ನೂ ವೇಗ ಅನ್ನಿಸುತ್ತದೆ.

ಮೊಬೈಲಿನಲ್ಲಿ ಆಡುವವರಿಗೆ

ಮೊದಲ ಅನುಮಾನ ಬ್ಯಾಟರಿ ಸೇವರ್ ಮೇಲೆ. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಎಲ್ಲರೂ ಬ್ಯಾಟರಿ ಸೇವರ್ ಹಾಕಿಟ್ಟಿರುತ್ತಾರೆ. ಬಹಳಷ್ಟು ಫೋನ್‌ಗಳಲ್ಲಿ ಅದು 90 ಅಥವಾ 120 ಹರ್ಟ್ಸ್ ಪರದೆಯನ್ನು 60ಕ್ಕೆ ಇಳಿಸುತ್ತದೆ, ಪ್ರೊಸೆಸರ್ ವೇಗವನ್ನೂ ತಗ್ಗಿಸುತ್ತದೆ. ಬೆಳಗ್ಗೆ ಸರಿಯಿದ್ದ ಟೈಮಿಂಗ್ ಸಂಜೆ ಕೆಟ್ಟರೆ ಕ್ಯಾಮೆರಾ ಮುಟ್ಟಬೇಡಿ, ಸೇವರ್ ತೆಗೆಯಿರಿ. ಎರಡನೆಯದು, ಬಾಲ್ ಬೀಳುವ ಜಾಗದ ಮೇಲೆ ನಿಮ್ಮದೇ ಹೆಬ್ಬೆರಳು ಕೂತಿದೆಯಾ ನೋಡಿ. ಸಣ್ಣ ಪರದೆಯಲ್ಲಿ ಎತ್ತರದ ಕ್ಯಾಮೆರಾ ಬೇಡ, ಬಾಲ್ ಚುಕ್ಕಿಯಾಗಿಬಿಡುತ್ತದೆ.

ಆನ್‌ಲೈನ್ ಆಟದಲ್ಲಿ ಮಾತ್ರ ತಪ್ಪುತ್ತಿದ್ದರೆ ಅದು ನೆಟ್‌ವರ್ಕ್. ಜುಲೈನಲ್ಲಿ ಇಲ್ಲಿ ಫೋನ್ ಮಾಡುವುದಕ್ಕೇ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಅದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಮೂವತ್ತು ಬಾಲ್ ಆಡಿ, ಬರೆಯಿರಿ. ಮೊದಲ ಹತ್ತು ಬಾಲ್ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಕಣ್ಣು ಒಗ್ಗುವ ಸಮಯ. ಸೆಟ್ಟಿಂಗ್ಸ್‌ನಿಂದ ಸರಿಯಾಗಿ ಹೊರಗೆ ಬಂದು ಸೇವ್ ಆಯಿತಾ ಅಂತಲೂ ನೋಡಿ. ನಮಗೆ ಎಲ್ಲ ಸರಿಹೋದ ಸಂಜೆಯೇ ಕರೆಂಟ್ ಹೋಯಿತು, ಇನ್ವರ್ಟರ್ ಹಿಡಿಯುವಷ್ಟರಲ್ಲಿ ಕನ್ಸೋಲ್ ಆಫ್. ಮತ್ತೆ ಹಾಕಿದರೆ ಕ್ಯಾಮೆರಾ ಹಳೇ ಜಾಗದಲ್ಲಿ.

ಅಳಿಯ ಊರಿಗೆ ಹೊರಡುವ ಮೊದಲು ಹಾಜರಿ ಪುಸ್ತಕದ ಹಾಳೆ ಹರಿದು ಟಿವಿ ಬದಿಗೆ ಅಂಟಿಸಿ ಹೋಗಿದ್ದಾನೆ. ಈಗಲೂ ಅಲ್ಲೇ ಇದೆ: "ಕಿಂಡಿ 2, ಗೇಮ್ ಮೋಡ್ ಆನ್. ಕ್ಯಾಮೆರಾ ಹಿಂದಿನದು, ಎತ್ತರ ಎರಡು ಗುಂಡಿ ಮೇಲೆ, ದೂರ ಒಂದು ಗುಂಡಿ ಹಿಂದೆ. ಬ್ಲೂಟೂತ್ ಬೇಡ. ಮಾವ, ಮುಟ್ಟಬೇಡಿ."